ಬೀದರ ಸೀಮೆಯ ಚಳಿಗಾಲದಲ್ಲಿ ಕೆಂಪೇರುವ ಮುಖ, ಒಣಗುವ ಚರ್ಮ: ಸಂಭಾವ್ಯ ಕಾರಣಗಳ ವಿವೇಚನೆ

ದೀಪಾವಳಿ ಮುಗಿದು ಥಂಡಿ ಹಿಡಿಯಿತೆಂದರೆ ಬೀದರ ನಗರದ ಮೈಲೂರಿನಲ್ಲೂ ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲೂ ಒಂದೇ ದೂರು ಕೇಳಿಬರುತ್ತದೆ: ‘ಮಾರಿ ಉರಿಲತ್ತದ, ಬಿಗಿಲತ್ತದ.’ ಗಲ್ಲ ಕೆಂಪೇರುತ್ತದೆ, ತುಟಿಯ ಸುತ್ತ ಬಿಳಿ ಹೊಟ್ಟು ಏಳುತ್ತದೆ, ಸಾಬೂನು ತಾಗಿದರೆ ಚುರುಗುಟ್ಟುತ್ತದೆ. ಥಂಡಿಗೆ ಹೀಗೆಯೇ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ, ಆದರೆ ವಿಚಾರಣೆ ಅಲ್ಲಿಗೇ ನಿಂತುಬಿಡುವುದು ಅಪಾಯಕಾರಿ. ಮುಖದ ಯಾವ ಭಾಗ ಕೆಂಪಾಗಿದೆ, ಯಾವ ಭಾಗ ಉಳಿದುಕೊಂಡಿದೆ ಎಂದು ನೋಡದೆ ಎಲ್ಲ ಹೊರೆಯನ್ನೂ ಋತುವಿನ ಮೇಲೆ ಹಾಕಿದರೆ, ಈ ಸೀಮೆಯಲ್ಲಿ ಕಾಣಬಹುದಾದ ಕೆಲವು ಗಂಭೀರ ಕಾಯಿಲೆಗಳು ಕಣ್ತಪ್ಪಿ ಹೋಗುತ್ತವೆ.

ಮೊದಲು ಚಳಿಯದೇ ಲೆಕ್ಕ ನೋಡೋಣ. ಚಳಿಗಾಲದ ಚರ್ಮದ ಬಗ್ಗೆ ನಮ್ಮ ವೈದ್ಯ ವಿದ್ಯಾರ್ಥಿಗಳು ಓದುವ ವಿವರಣೆಗಳು ಬಹುಮಟ್ಟಿಗೆ ಯುರೋಪು, ಅಮೆರಿಕದವು. ಅಲ್ಲಿ ಹೊರಗೆ ಹಿಮ, ಒಳಗೆ ಹೀಟರಿನಿಂದ ಒಣಗಿದ ಕೋಣೆ. ಬೀದರಿನ ಚಳಿಗಾಲದ ರೀತಿಯೇ ಬೇರೆ. ಡಿಸೆಂಬರಿನಲ್ಲಿ ಇಲ್ಲಿನ ಸರಾಸರಿ ಕನಿಷ್ಠ ಉಷ್ಣಾಂಶ 16.4 ಡಿಗ್ರಿ, ಗರಿಷ್ಠ 27.3 ಡಿಗ್ರಿ ಸೆಲ್ಸಿಯಸ್. ಉತ್ತರದಿಂದ ಶೀತಗಾಳಿ ಬೀಸಿದಾಗ ಉಷ್ಣಾಂಶ ಇನ್ನೂ ಕೆಳಗಿಳಿಯುವುದುಂಟು. 1901ರ ಜನವರಿ 5ರಂದು 2.9 ಡಿಗ್ರಿ ದಾಖಲಾಗಿತ್ತು. ಚರ್ಮಕ್ಕೆ ಹೆಚ್ಚು ಪೆಟ್ಟು ಕೊಡುವುದು ಈ ಹಗಲು-ರಾತ್ರಿಗಳ ನಡುವಿನ ಹನ್ನೊಂದು ಡಿಗ್ರಿಯ ಅಂತರ. 16.4 ಡಿಗ್ರಿಯ ಬೆಳಗಿನ ಜಾವದಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ಶೇ. 70 ಇದೆ ಎಂದುಕೊಳ್ಳಿ. ಅದರೊಳಗಿನ ನೀರಾವಿ ಅಷ್ಟೇ ಉಳಿದು, ಉಷ್ಣಾಂಶ ಮಾತ್ರ 27.3ಕ್ಕೆ ಏರಿದರೆ ತೇವಾಂಶ ಶೇ. 36ರ ಆಸುಪಾಸಿಗೆ ಕುಸಿಯುತ್ತದೆ. ಬೆಳಿಗ್ಗೆ ಮಂಜು ಕಂಡವರು ಗಾಳಿ ತೇವವಾಗಿದೆ ಎಂದುಕೊಳ್ಳುತ್ತಾರೆ, ಮಧ್ಯಾಹ್ನ ಅದೇ ಗಾಳಿ ಮುಖದ ನೀರನ್ನು ಹೀರುತ್ತಿರುತ್ತದೆ.

ಇನ್ನು ಬಿಸಿಲು. ಬೀದರ ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ವಾರದಲ್ಲೂ ನಡುಹಗಲ ಸೂರ್ಯ ದಿಗಂತದಿಂದ 48-49 ಡಿಗ್ರಿ ಮೇಲಿರುತ್ತಾನೆ. ಲಂಡನ್ನಿನಲ್ಲಿ ಆಗ 15 ಡಿಗ್ರಿ ಮಾತ್ರ. ತಂಪು ಗಾಳಿಯಿಂದಾಗಿ ಬಿಸಿಲಿನ ಕಾವು ತಿಳಿಯುವುದಿಲ್ಲ, ಅತಿನೇರಳೆ ಕಿರಣಗಳು ಮಾತ್ರ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ತೊಗರಿ ಕೊಯ್ಲು, ಕಬ್ಬಿನ ಕಟಾವು, ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲದಲ್ಲಿ ಕಳೆಯುವ ದಿನ, ಎಲ್ಲವೂ ಈ ಬಿಸಿಲಿನಲ್ಲೇ. ಚಳಿಗಾಲದಲ್ಲಿ ತಲೆಗೆ ರುಮಾಲು, ಸೆರಗು ಬಿಗಿಯಾಗಿ ಸುತ್ತಿಕೊಂಡವರ ಗಲ್ಲ, ಮೂಗು ಮಾತ್ರ ತೆರೆದಿರುತ್ತವೆ.

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವ ರೂಢಿಯಿದೆ. ಜೀವವಿಲ್ಲದ ಚಪ್ಪಟೆ ಕೋಶಗಳು ಇಟ್ಟಿಗೆ. ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಗಾರೆ. ಈ ಪದರದ ನೀರಿನಂಶ ಶೇ. 10ಕ್ಕಿಂತ ಕೆಳಗಿಳಿದರೆ ಅದು ಮೆದುತನ ಕಳೆದುಕೊಂಡು ಬಿರಿಯುತ್ತದೆ ಎಂಬುದನ್ನು ಇರ್ವಿನ್ ಬ್ಲ್ಯಾಂಕ್ 1952ರಷ್ಟು ಹಿಂದೆಯೇ ತೋರಿಸಿದರು. ನೀರನ್ನು ಹಿಡಿದಿಡುವ ಅಣುಗಳು ಬಹುಪಾಲು ಫಿಲಾಗ್ರಿನ್ ಎಂಬ ಪ್ರೋಟೀನು ಒಡೆದು ಬಂದವು. ಈ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದವರಿಗೆ ಹುಟ್ಟಿನಿಂದಲೇ ಒಣಚರ್ಮದ, ಇಸುಬಿನ ಒಲವಿರುತ್ತದೆ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಸ್ಥಾಪಿಸಿದರು. ಒಂದೇ ಮನೆಯಲ್ಲಿ, ಒಂದೇ ಗಾಳಿಯಲ್ಲಿ ಅಕ್ಕನ ಮುಖ ಒಡೆದು ತಂಗಿಯದು ನುಣುಪಾಗಿಯೇ ಉಳಿಯುವುದಕ್ಕೆ ಇದು ಒಂದು ಕಾರಣ.

ಈ ಗೋಡೆಯನ್ನು ನಾವೇ ಕೆಡವುವ ಜಾಗ ಬಚ್ಚಲು. ಚಳಿಗೆ ಸುಡುವಷ್ಟು ನೀರು ಕಾಯಿಸಿ ಮುಖಕ್ಕೆ ಹೊಯ್ದುಕೊಳ್ಳುತ್ತೇವೆ. ಬಿಸಿ ನೀರು ಆ ಕೊಬ್ಬಿನ ಗಾರೆಯನ್ನು ಸಡಿಲಿಸುತ್ತದೆ, ಸಾಬೂನು ತೊಳೆದೊಯ್ಯುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ. ಮಾಮೂಲಿ ಸಾಬೂನಿನ ಪಿಎಚ್ 9ರಿಂದ 10. ಬಸಾಲ್ಟ್ ಬಂಡೆಯ ನಡುವಿನ ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿದ್ದರೆ ಸಾಬೂನು ನೊರೆ ಬರುವುದಿಲ್ಲ. ಜನ ಇನ್ನಷ್ಟು ತಿಕ್ಕುತ್ತಾರೆ, ತೊಳೆದರೂ ಹೋಗದ ಜಿಡ್ಡು ಚರ್ಮದ ಮೇಲೆ ಕೂತು ಕೆರಳಿಸುತ್ತದೆ.

ಒಣಗುವುದು ಒಂದು, ಕೆಂಪೇರುವುದು ಇನ್ನೊಂದು. ಎರಡೂ ಜೊತೆಗೆ ಬರುವುದರಿಂದ ಒಂದೇ ಎನಿಸುತ್ತದೆ. ಗಲ್ಲದ ರಕ್ತನಾಳಗಳು ದಟ್ಟ, ಮೇಲ್ಪದರಕ್ಕೆ ಹತ್ತಿರ. ಚಳಿಗೆ ಅವು ಕುಗ್ಗುತ್ತವೆ. ಒಲೆಯ ಮುಂದೆ ಕೂತಾಗ, ಬೆಲ್ಲದ ಕೊಪ್ಪರಿಗೆಯ ಹಬೆಗೆ ಮುಖ ಒಡ್ಡಿದಾಗ, ಬಿಸಿ ಚಹಾ ಕುಡಿದಾಗ ಒಮ್ಮೆಲೇ ಹಿಗ್ಗುತ್ತವೆ. ಖಾರದ ಕ್ಯಾಪ್ಸೈಸಿನ್ ಮತ್ತು 43 ಡಿಗ್ರಿ ಮೀರಿದ ಶಾಖ, ಎರಡೂ ತಟ್ಟುವುದು ನರತುದಿಯ ಒಂದೇ ಗ್ರಾಹಕವನ್ನು. ಈ ಪ್ರತಿಕ್ರಿಯೆ ಅತಿಯಾಗಿ, ಕೆಂಪು ಗಂಟೆಗಟ್ಟಲೆ ಉಳಿದು, ಸಣ್ಣ ಗುಳ್ಳೆಗಳೂ ಎದ್ದರೆ ಅದು ರೋಸೇಶಿಯಾ. ಬಿಳಿಯರ ಕಾಯಿಲೆ ಎಂಬ ಹೆಸರು ಅದಕ್ಕಿದೆ, ಸರಿಯಲ್ಲ. ಎಣ್ಣೆಗಪ್ಪು, ಗೋಧಿ ಬಣ್ಣದ ಮುಖದಲ್ಲಿ ಅದು ಕೆಂಪಾಗಿ ಕಾಣದೆ ಕಂದಾಗಿ, ತಾಮ್ರದ ಛಾಯೆಯಾಗಿ ಕಾಣುತ್ತದೆ. ಕಣ್ಣಿಗೆ ಕಾಣುವ ಕೆಂಪಿಗಿಂತ ರೋಗಿ ಹೇಳುವ ಉರಿಗೆ ಇಲ್ಲಿ ಹೆಚ್ಚು ಬೆಲೆ ಕೊಡಬೇಕು.

ಜಾಗದ ವಿಚಾರಕ್ಕೆ ಬರೋಣ. ಬಿಸಿಲಿನಿಂದ ಬಂದ ಕೆಂಪು ಗಲ್ಲ, ಮೂಗು, ಹಣೆಯಲ್ಲಿರುತ್ತದೆ. ಗದ್ದದ ಅಡಿ, ಕಿವಿಯ ಹಿಂದೆ, ಮೇಲಿನ ರೆಪ್ಪೆಯ ಮಡಿಕೆಗಳಲ್ಲಿ ನೆರಳು ಬೀಳುವುದರಿಂದ ಅವು ಉಳಿದುಕೊಳ್ಳುತ್ತವೆ. ಗಾಳಿಯಲ್ಲಿ ಹಾರಿಬಂದ ವಸ್ತುವಿಗೆ ಅಲರ್ಜಿಯಾಗಿದ್ದರೆ ಅದೇ ಅಡಗಿದ ಜಾಗಗಳೂ ಕೆಂಪಾಗಿ, ದಪ್ಪವಾಗಿರುತ್ತವೆ. ಆಗ ಮೊದಲ ಅನುಮಾನ ಕಾಂಗ್ರೆಸ್ ಕಸದ ಮೇಲೆ ಹೋಗಬೇಕು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆ ಇಡೀ ದಖ್ಖನ್ನಿಗೆ ಹರಡಿತು. ಅದರಲ್ಲಿನ ಪಾರ್ಥೆನಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಗಿಡ ಒಣಗಿದ ಮೇಲೂ ಪುಡಿಪುಡಿಯಾದ ಎಲೆ, ಹೂ ಧೂಳಿನೊಂದಿಗೆ ಮುಖಕ್ಕೆ ಬಂದು ಕೂರುತ್ತವೆ. ಹೊಲದ ಬದುವಿನಲ್ಲಿ ದುಡಿಯುವ ನಡುವಯಸ್ಸಿನ ಗಂಡಸರಲ್ಲಿ ಹೆಚ್ಚು ಕಾಣುವ ಈ ಬೇನೆ ವರ್ಷಗಳು ಕಳೆದಂತೆ ಬಿಸಿಲಿಗೂ ಕೆರಳುವ ರೂಪ ತಾಳುತ್ತದೆ. ಅವರಿಗೆ ಬರೀ ವ್ಯಾಸಲೀನ್ ಕೊಟ್ಟು ಕಳಿಸುವುದು ಅನ್ಯಾಯ.

ಇನ್ನೊಂದು ಕಾಯಿಲೆಯ ಇತಿಹಾಸ ಈ ನೆಲಕ್ಕೆ ಬಹಳ ಹತ್ತಿರದ್ದು. ಪೆಲಾಗ್ರ ಮುಖ, ಕೊರಳು, ಅಂಗೈ ಹಿಂಭಾಗಗಳಲ್ಲಿ ಬಿಸಿಲು ಸುಟ್ಟಂತೆ ಕೆಂಪಾಗಿ ಶುರುವಾಗಿ, ಕಪ್ಪಾಗಿ, ಒಣಗಿ, ಬಿರಿಯುತ್ತದೆ. ನಯಾಸಿನ್ ಜೀವಸತ್ವದ ಕೊರತೆ ಇದರ ಮೂಲ. ಮೆಕ್ಕೆಜೋಳ ತಿನ್ನುವ ದೇಶಗಳ ಕಾಯಿಲೆ ಎಂದೇ ಪ್ರಸಿದ್ಧವಾಗಿದ್ದ ಇದು ದಖ್ಖನ್ನಿನ ಬಿಳಿಜೋಳ ಉಣ್ಣುವ ಬಡವರಲ್ಲಿ ಏಕೆ ಕಾಣುತ್ತದೆ ಎಂಬುದು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಪ್ರಶ್ನೆಯಾಗಿತ್ತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಜೋಳದಲ್ಲಿ ನಯಾಸಿನ್ ತೀರ ಕಡಿಮೆಯೇನಿಲ್ಲ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟರು: ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ದೇಹದ ನಯಾಸಿನ್ ವ್ಯವಸ್ಥೆಯನ್ನು ಕೆಡಿಸುತ್ತದೆ. ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಬಿ6 ಜೀವಸತ್ವದ ಪಾತ್ರ ಮುಂದಿನ ಸಂಶೋಧನೆಗಳಲ್ಲಿ ಮುಖ್ಯವಾಯಿತು. ಆದರೂ ನಮಗೆ ಇದು ದೂರದ ಕಥೆಯಲ್ಲ. 1956ರವರೆಗೆ ಬೀದರ ಹೈದರಾಬಾದ್ ರಾಜ್ಯದ ಜಿಲ್ಲೆ, ಜೋಳವೇ ಇಲ್ಲಿನ ಮುಖ್ಯ ಆಹಾರ.

ಇದರಿಂದ ಜೋಳದ ರೊಟ್ಟಿಯನ್ನು ದೂರಬಾರದು. ಬರೀ ರೊಟ್ಟಿ, ಖಾರ, ನೀರಿನ ಮೇಲೆ ದಿನ ದೂಡಬೇಕಾದ ಬಡತನವೇ ದೋಷಿ. ರೊಟ್ಟಿಯ ಜೊತೆ ತೊಗರಿಬೇಳೆ, ಶೇಂಗಾ ಹಿಂಡಿ, ಮಜ್ಜಿಗೆ ಇರುವ ತಾಟಿನಲ್ಲಿ ನಯಾಸಿನ್ನೂ ಅದಾಗಿ ಮಾರ್ಪಡುವ ಟ್ರಿಪ್ಟೊಫ್ಯಾನೂ ಸಾಕಷ್ಟಿರುತ್ತವೆ. ಪೆಲಾಗ್ರ ಈಗ ವಿರಳ. ಆದರೆ ಕುಡಿತಕ್ಕೆ ಬಿದ್ದವರು, ಒಂಟಿಯಾಗಿ ಅರೆಹೊಟ್ಟೆಯಲ್ಲಿರುವ ಮುದುಕರು, ಕ್ಷಯಕ್ಕೆ ಐಸೊನಿಯಾಜಿಡ್ ಗುಳಿಗೆ ನುಂಗುತ್ತಿರುವವರು ಮುಖ-ಕೊರಳು ಕಪ್ಪಾಗಿ ಉರಿಯುತ್ತದೆ ಎಂದಾಗ ಭೇದಿ, ಮರೆವು, ನಾಲಿಗೆಯ ಹುಣ್ಣಿನ ಬಗ್ಗೆಯೂ ಕೇಳಲೇಬೇಕು.

ಇಂದಿನ ದಿನಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುವ ಕಾರಣ ಮೆಡಿಕಲ್ ಅಂಗಡಿಯ ಟ್ಯೂಬು. ಬೆಳ್ಳಗಾಗಲು, ಕಲೆ ಹೋಗಲು ಎಂದು ಹಚ್ಚುವ ಎಷ್ಟೋ ಕ್ರೀಮುಗಳಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್‌ನಂಥ ಸ್ಟಿರಾಯ್ಡುಗಳಿರುತ್ತವೆ. ಅವು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮುಖ ಕೆಲವು ವಾರ ತಿಳಿಯಾಗಿ ಕಾಣುತ್ತದೆ. ಬಳಿಕ ಚರ್ಮ ತೆಳುವಾಗಿ, ನಾಳಗಳು ಎದ್ದುಕಾಣುತ್ತವೆ. ಟ್ಯೂಬು ಬಿಟ್ಟರೆ ಕೆಂಪು, ಉರಿ, ಗುಳ್ಳೆ. ಮತ್ತೆ ಹಚ್ಚಿದರೆ ಶಮನ. ಹೀಗೆ ಬಿಡಿಸಿಕೊಳ್ಳಲಾಗದ ಸುಳಿ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ಚರ್ಮರೋಗಕ್ಕೆ ಬಂದ 2,926 ಜನರ ಪೈಕಿ 433 ಮಂದಿ, ಅಂದರೆ ಶೇ. 14.8ರಷ್ಟು ಜನ, ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಲೇಪನ ಸ್ಟಿರಾಯ್ಡುಗಳನ್ನು ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು. ಹೀಗೆ ತೆಳುವಾದ ಮುಖಕ್ಕೆ ಡಿಸೆಂಬರಿನ ಒಣಗಾಳಿ ತಾಗಿದಾಗ ಏಳುವ ಉರಿಯನ್ನು ಹೆಣ್ಣುಮಕ್ಕಳು ಥಂಡಿಯದೆಂದೇ ನಂಬಿ, ಅದೇ ಟ್ಯೂಬನ್ನು ಮತ್ತೆ ಹಚ್ಚುತ್ತಾರೆ.

ಉಳಿದವನ್ನು ಚಿಕ್ಕದಾಗಿ ಹೇಳಿಬಿಡಬಹುದು. ಮೂಗಿನ ಎರಡೂ ಬದಿ ಹರಡಿ, ಮೂಗು-ತುಟಿ ನಡುವಿನ ಗೆರೆಯನ್ನು ಬಿಟ್ಟಿರುವ ಕೆಂಪಿನ ಜೊತೆ ಕೀಲುನೋವು, ಬಾಯಿಹುಣ್ಣು, ಕೂದಲುದುರುವಿಕೆ ಇದ್ದರೆ ಲೂಪಸ್ ಪರೀಕ್ಷೆ ಆಗಬೇಕು. ಅದೇ ಗೆರೆಯಲ್ಲಿ, ಹುಬ್ಬಿನಲ್ಲಿ ಜಿಡ್ಡುಹೊಟ್ಟು ಕಂಡರೆ ಅದು ತಲೆಹೊಟ್ಟಿನ ಬಳಗದ ಸೆಬೊರಿಕ್ ಇಸುಬು. ಸ್ಪರ್ಶ ತಿಳಿಯದ ಕೆಂಪು ಮಚ್ಚೆಯಾದರೆ ಕುಷ್ಠದ ತಪಾಸಣೆ ತಡಮಾಡಬಾರದು. ಮುಟ್ಟು ನಿಲ್ಲುವ ವಯಸ್ಸು, ರಕ್ತದೊತ್ತಡಕ್ಕೆ ನುಂಗುವ ಆಮ್ಲೊಡಿಪಿನ್ ಕೂಡ ಮುಖಕ್ಕೆ ಬಿಸಿ ಏರಿಸುತ್ತವೆ. ಥೈರಾಯ್ಡ್ ಕುಂದಿದರೆ ಮೈಯೆಲ್ಲ ಒಣಗುತ್ತದೆ, ಚಳಿಯೂ ಹೆಚ್ಚಾಗಿ ತಾಗುತ್ತದೆ.

ಇವು ಯಾವುವೂ ಅಲ್ಲದ, ಬರೀ ಒಣಗಿದ ಮುಖಕ್ಕೆ ಬೇಕಾದದ್ದು ಅಗ್ಗದ್ದೇ: ಉಗುರುಬೆಚ್ಚಗಿನ ನೀರು, ಮುಖಕ್ಕೆ ಕಡಿಮೆ ಸಾಬೂನು, ತೇವ ಆರುವ ಮುನ್ನ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ, ಬಿಸಿಲಿಗೆ ಸೆರಗಿನ ಅಂಚು. ಎಣ್ಣೆಗಳೆಲ್ಲ ಒಂದೇ ಅಲ್ಲ. ಲಿನೋಲೀಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಚರ್ಮದ ತಡೆಯನ್ನು ಬೇಗ ಸರಿಪಡಿಸಿತೆಂದೂ ಸಾಸಿವೆ ಎಣ್ಣೆ ಅದನ್ನು ನಿಧಾನಿಸಿತೆಂದೂ ಇಲಿಗಳ ಮೇಲೆ ನಡೆಸಿದ, 2002ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ನಮ್ಮ ಹೊಲಗಳ ಕುಸುಬಿ ಎಣ್ಣೆಯಲ್ಲಿ ಲಿನೋಲೀಕ್ ಆಮ್ಲ ಶೇ. 70ಕ್ಕೂ ಮೇಲಿರುತ್ತದೆ. ಗಾಣದಿಂದ ಬಂದ ಆ ಎಣ್ಣೆಯನ್ನು ಒಂದು ಚಳಿಗಾಲವಿಡೀ ಭಾಲ್ಕಿ, ಔರಾದದ ಹಳ್ಳಿಗಳ ಒಣಚರ್ಮದ ಮೇಲೆ ಪೆಟ್ರೋಲಿಯಂ ಜೆಲ್ಲಿಯ ಜೊತೆ ಹೋಲಿಸಿ ನೋಡುವ ಪ್ರಯೋಗ ಬೀದರಿನ ವೈದ್ಯಕೀಯ ಕಾಲೇಜಿಗೆ ಕಷ್ಟದ್ದಲ್ಲ. ಅಂಥ ಪ್ರಯೋಗಕ್ಕೆ ಜನರನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅವರು ಈಗ ಹಚ್ಚುತ್ತಿರುವ ಟ್ಯೂಬಿನ ಹೆಸರು. ಸ್ಟಿರಾಯ್ಡ್ ಹಚ್ಚುತ್ತಿರುವವರನ್ನು ಪ್ರಯೋಗದಿಂದ ಹೊರಗಿಟ್ಟು ಚರ್ಮವೈದ್ಯರ ಬಳಿ ಕಳಿಸಬೇಕು. ಬಿಟ್ಟ ಮೇಲೆ ಕೆಲವು ವಾರ ಉರಿ ಹೆಚ್ಚುತ್ತದೆ, ಹೆದರಿ ಮತ್ತೆ ಹಚ್ಚಬಾರದು ಎಂದು ಅವರಿಗೆ ಮೊದಲೇ ತಿಳಿಹೇಳಬೇಕು.