ಗಂಡಸಿಗಿಲ್ಲದ ಮಾತು

ಕನ್ನಡದಲ್ಲಿ ‘ಬಂಜೆ’, ಉರ್ದುವಿನಲ್ಲಿ ‘ಬಾಂಝ್’. ಎರಡೂ ಹೆಣ್ಣನ್ನೇ ಬೊಟ್ಟುಮಾಡುತ್ತವೆ. ಗಂಡಸಿಗೆ ಅಂಥ ಮಾತು ನಮ್ಮ ದಿನಬಳಕೆಯಲ್ಲಿಲ್ಲ. ಇರುವ ‘ಷಂಡ’, ‘ನಾಮರ್ದ್’ ಬರೀ ಬೈಗುಳ. ಅವುಗಳ ಅರ್ಥವೇ ಬೇರೆ. ಆದ್ದರಿಂದಲೇ ಮದುವೆಯಾಗಿ ನಾಲ್ಕು ವರ್ಷವಾದರೂ ತೊಟ್ಟಿಲು ತೂಗದಿದ್ದರೆ ನಾವು ಸೊಸೆಯನ್ನು ದರ್ಗಾಗಳಿಗೆ, ಡಾಕ್ಟರುಗಳಲ್ಲಿಗೆ ಅಲೆಸುತ್ತೇವೆ. ಆಮೇಲೆ ಮಗನಿಗೆ ಇನ್ನೊಂದು ಹೆಣ್ಣು ನೋಡುತ್ತೇವೆ. ಕಥೆ ಬರೆಯುವ ನಾವೂ ಮಕ್ಕಳಿಲ್ಲದ ಮನೆಯೊಳಗೆ ಹೆಂಡತಿಯನ್ನೇ ಕಣ್ಣೀರಿಡಿಸಿದ್ದೇವೆ.

ಹಳೆಯ ಹಕೀಮರು ಹೀಗೆ ಹೇಳಿರಲಿಲ್ಲ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ, ಮಕ್ಕಳಾಗದಿರಲು ಕಾರಣ ಗಂಡಿನಲ್ಲೂ ಇರಬಹುದು, ಹೆಣ್ಣಿನಲ್ಲೂ ಇರಬಹುದು ಎಂದು ತಮ್ಮ ವೈದ್ಯಗ್ರಂಥ ‘ಅಲ್ ಕಾನೂನ್’ನಲ್ಲಿ ಬರೆದರು. ಆದರೆ ಅದನ್ನು ಕಣ್ಣಾರೆ ಕಾಣುವ ಸಾಧನ ಆಗ ಇರಲಿಲ್ಲ.

1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ತಾನೇ ಉಜ್ಜಿ ಮಾಡಿದ ಮಸೂರದಡಿ ವೀರ್ಯದ ಹನಿಯಲ್ಲಿ ಬಾಲವುಳ್ಳ ಅಣುಗಳು ಈಜುವುದನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಅವು ಮೊಟ್ಟೆಯೊಡನೆ ಕೂಡಿಯೇ ಜೀವ ಕಟ್ಟುತ್ತದೆಂದು ಖಚಿತವಾಗಲು ಮತ್ತೆ ಸುಮಾರು 200 ವರ್ಷ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯರು ಮಕ್ಕಳಿಲ್ಲದ ಗಂಡಂದಿರ ವೀರ್ಯವನ್ನೂ ಸೂಕ್ಷ್ಮದರ್ಶಕದಡಿ ಇಟ್ಟರು. ಕೆಲವರದರಲ್ಲಿ ಒಂದೂ ಅಣುವಿರಲಿಲ್ಲ. ಆದರೂ ಅವರಲ್ಲಿ ಎಷ್ಟೋ ಜನ ಗಟ್ಟಿಮುಟ್ಟಾದವರು, ದಾಂಪತ್ಯಕ್ಕೆ ಸಮರ್ಥರು. ವೀರ್ಯದ್ರವದ ಬಹುಪಾಲು ಬೇರೆ ಗ್ರಂಥಿಗಳಿಂದ ಬರುವುದರಿಂದ ಈ ಕೊರತೆ ಬರಿಗಣ್ಣಿಗೆ ಕಾಣುವಂಥದಲ್ಲ. ‘ವೀರ್ಯ’ಕ್ಕೆ ಪರಾಕ್ರಮವೆಂಬ ಅರ್ಥವನ್ನೂ ಕೊಟ್ಟ ನಮಗೆ ಇದನ್ನು ಒಪ್ಪುವುದು ಇನ್ನೂ ಕಷ್ಟ.

ಸುಮಾರು ನೂರು ಗಂಡಸರಲ್ಲಿ ಒಬ್ಬರಿಗೆ ಈ ಸ್ಥಿತಿ ಇದೆ. ಕೆಲವರಲ್ಲಿ ವೀರ್ಯಾಣು ಹುಟ್ಟುತ್ತದೆ, ದಾರಿ ಮುಚ್ಚಿರುತ್ತದೆ: ಹಳೆಯ ಸೋಂಕಿನಿಂದ, ಇಲ್ಲವೆ ನಾಳವೇ ಇಲ್ಲದೆ ಹುಟ್ಟಿದ್ದರಿಂದ. ಉಳಿದವರಲ್ಲಿ ವೃಷಣದ ಕೆಲಸವೇ ಕುಂದಿರುತ್ತದೆ. ಪ್ರಾಯಕ್ಕೆ ಬಂದ ಮೇಲೆ ಕಾಡಿದ ಮಂಗನಬಾವು ಕಾರಣವಾಗಿರಬಹುದು. 1942ರಲ್ಲಿ ಕ್ಲೈನ್‌ಫೆಲ್ಟರ್ ವಿವರಿಸಿದ, ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ ಸ್ಥಿತಿಯಿರಬಹುದು. 1976ರಲ್ಲಿ ಗುರುತಿಸಿದ ಹಾಗೆ ವೈ ವರ್ಣತಂತುವಿನ ತುಣುಕೊಂದು ಕಳೆದುಹೋಗಿರಬಹುದು. ಇದರಲ್ಲಿ ಯಾರ ಪಾಪವೂ ಇಲ್ಲ.

1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಮೊಟ್ಟೆಯೊಳಗೆ ಚುಚ್ಚಿ ಗರ್ಭ ನಿಲ್ಲಿಸಿದ್ದನ್ನು ಪ್ರಕಟಿಸಿದರು. ಅನಂತರ ವೃಷಣದಿಂದಲೇ ಅಣು ತೆಗೆದು ಕೆಲವರು ಅಪ್ಪಂದಿರಾದರು. ಎಲ್ಲರಿಗೂ ಇದು ಫಲಿಸದು, ಖರ್ಚೂ ಬಹಳ.

ಆದರೆ ಮೊದಲ ಪರೀಕ್ಷೆಗೆ ಅಷ್ಟು ಖರ್ಚಿಲ್ಲ, ಚಾಕು ಕತ್ತರಿ ಬೇಕಿಲ್ಲ. ಖಚಿತಪಡಿಸಲು ಎರಡು ಸಲ ಮಾಡಿಸಿದರೆ ಸರಿ. ಸೊಸೆಯನ್ನು ತವರಿಗೆ ಕಳಿಸುವ ಮುನ್ನ ಮಗನನ್ನು ಅಲ್ಲಿಗೆ ಕಳಿಸೋಣ. ಅವನ ಫಲಿತಾಂಶದಲ್ಲಿ ಸೊನ್ನೆ ಬಂದರೂ ಅವನ ಗಂಡಸುತನ ಸೊನ್ನೆಯಾಗುವುದಿಲ್ಲ.