ಕೋಳ, ಕೋಲು ಮತ್ತು ಕಟ್ಟಳೆ

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಒಂದು ಜಿಲ್ಲಾ ಕೇಂದ್ರದ ಕಾಲೇಜಿಗೆ ನಾನು ಕನ್ನಡ ಅಧ್ಯಾಪಕನಾಗಿ ಆಗಷ್ಟೇ ಸೇರಿದ್ದೆ. ಗಾಂಧೀಜಯಂತಿಯ ದಿನ ಊರಿನ ಸೆರೆಮನೆಯಲ್ಲಿ ಕುಮಾರವ್ಯಾಸನನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕರೆ ಬಂದಿತು. ಗಮಕಿಗಳೊಬ್ಬರು ಜೊತೆಗಿದ್ದರು. ದೊಡ್ಡ ಬಾಗಿಲಿನೊಳಗಿನ ಕಿರುಬಾಗಿಲಲ್ಲಿ ತಲೆ ಬಗ್ಗಿಸಿ ಒಳಹೊಕ್ಕೆವು. ಮೊದಲ ಸಾಲಿನಲ್ಲಿ ಕುಳಿತಿದ್ದ ಮುದುಕನೊಬ್ಬ ವಾಚನವನ್ನು ತಲೆದೂಗಿ ಕೇಳುತ್ತಿದ್ದ. ಅವನ ಎರಡೂ ಕಣಕಾಲುಗಳ ಸುತ್ತ ಬಳೆ ತೊಟ್ಟಂತೆ ಕಪ್ಪಾದ ಕಲೆ ಇತ್ತು. ಕಾರ್ಯಕ್ರಮ ಮುಗಿದ ಮೇಲೆ "ಇದೇನಪ್ಪಾ?" ಎಂದು ಕೇಳಿದೆ. "ಹಳೇ ಬೇಡಿ ಗುರ್ತು ಸ್ವಾಮಿ. ಬೇಡಿ ಬಿಚ್ಚಿ ಬಾಳ ವರ್ಷ ಆಯ್ತು, ಇದು ಹೋಗ್ಲಿಲ್ಲ" ಎಂದ. ಏಕೆ ಹಾಕಿದ್ದರೆಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: "ಯಾರಿಗೆ ಗೊತ್ತು ಸ್ವಾಮಿ, ಬುಕ್ಕಲ್ಲಿ ಬರೆದಿರ್ತಾರೆ."

ಈ ಹೊತ್ತು ನಾನು ಹೇಳಹೊರಟಿರುವುದು ಆ 'ಬುಕ್ಕಿ'ನ ಚರಿತ್ರೆಯನ್ನು. ಸೆರೆಯಾಳಿನ ಮೈಮೇಲೆ ಕಾವಲುಗಾರನು ಕೈಮಾಡಬಹುದಾದರೆ ಎಂದು, ಎಷ್ಟು, ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆ ಸೆರೆಮನೆಯಷ್ಟೇ ಹಳೆಯದು. ಅದಕ್ಕೆ ಉತ್ತರವಾಗಿ ಪ್ರಭುತ್ವವು ಕಾಲಕಾಲಕ್ಕೆ ಕಟ್ಟಳೆಗಳನ್ನು ಬರೆದಿದೆ. ಬರೆದ ಕಟ್ಟಳೆಯನ್ನು ಓದುವವರು ಯಾರು ಎಂಬುದು ಮಾತ್ರ ಬಹುಕಾಲ ಯಾರೂ ಕೇಳದೆ ಉಳಿದ ಪ್ರಶ್ನೆ.

ಕೌಟಿಲ್ಯನ ಅರ್ಥಶಾಸ್ತ್ರದಿಂದಲೇ ಆರಂಭಿಸೋಣ. ಶತಮಾನಗಳ ಕಾಲ ಮರೆಯಾಗಿದ್ದ ಈ ಗ್ರಂಥದ ತಾಳೆಯೋಲೆಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮವರೇ ಆದ ಆರ್. ಶಾಮಶಾಸ್ತ್ರಿಗಳು. ಕೌಟಿಲ್ಯ ಮೃದುಹೃದಯಿಯೆಂದು ಯಾರೂ ಹೇಳಲಾರರು. ಘೋರ ಅಪರಾಧಿಗಳಿಗೆ ಹದಿನೆಂಟು ಬಗೆಯ ಚಿತ್ರಹಿಂಸೆಯನ್ನು ಎಣಿಸಿ ಹೇಳಿದವನು ಅವನು. ಆದರೆ ಅದೇ ಅಧಿಕರಣದಲ್ಲಿ ಬಂಧನಾಗಾರದ ಅಧ್ಯಕ್ಷನಿಗೂ ದಂಡವನ್ನು ಎಣಿಸಿದ್ದಾನೆ. ಕಾರಣ ತಿಳಿಸದೆ ಒಬ್ಬನನ್ನು ಕೂಡಿಹಾಕಿದರೆ 24 ಪಣ. ಅನ್ಯಾಯವಾಗಿ ಹಿಂಸಿಸಿದರೆ 48. ಅನ್ನ ನೀರು ತಪ್ಪಿಸಿದರೆ 96. ಪೀಡಿಸಿದರೆ ಇಲ್ಲವೆ ಲಂಚ ತಿಂದರೆ ಮಧ್ಯಮ ಸಾಹಸದಂಡ. ಹೊಡೆದು ಕೊಂದರೆ 1000 ಪಣ. ಮನುಷ್ಯಪ್ರಾಣಕ್ಕೆ ಹಣದ ಬೆಲೆ ಕಟ್ಟಿದ್ದು ನಮಗೆ ಒಪ್ಪಿಗೆಯಾಗದಿರಬಹುದು. ಆದರೂ ಸೆರೆಮನೆಯ ಅಧಿಕಾರಿ ಅಪರಾಧಿಯಾಗಬಲ್ಲ ಎಂಬ ಅರಿವು ಅಲ್ಲಿದೆ. ಅದು ಸಣ್ಣ ಮಾತಲ್ಲ.

ಅಶೋಕನು ಇದೇ ವಿಷಯವನ್ನು ಬೇರೆ ದನಿಯಲ್ಲಿ ಹೇಳಿದ. ಕಳಿಂಗದ ಧೌಲಿ, ಜೌಗಡಗಳಲ್ಲಿ ಅವನು ತನ್ನ ಅಧಿಕಾರಿಗಳನ್ನೇ ಉದ್ದೇಶಿಸಿ ಬರೆಯಿಸಿದ ಪ್ರತ್ಯೇಕ ಶಾಸನವೊಂದಿದೆ. ನಿಷ್ಕಾರಣವಾಗಿ ಜನ ಸೆರೆಗೂ ಕ್ರೌರ್ಯಕ್ಕೂ ಗುರಿಯಾಗುವುದನ್ನು ಅದರಲ್ಲಿ ಅವನು ಪ್ರಸ್ತಾಪಿಸುತ್ತಾನೆ. ಅಧಿಕಾರಿಯು ಸಮಭಾವದಿಂದ ನಡೆಯಲು ಅಡ್ಡಿಯಾಗುವ ದೋಷಗಳನ್ನು ಪಟ್ಟಿಮಾಡುತ್ತಾನೆ. ಅಸೂಯೆ, ಕೋಪ, ನಿಷ್ಠುರತೆ ಇವುಗಳ ಜೊತೆಗೆ ಆತುರ, ಆಲಸ್ಯ, ದಣಿವುಗಳನ್ನೂ ಸೇರಿಸುತ್ತಾನೆ. ಪುಷ್ಯ ನಕ್ಷತ್ರದ ದಿನಗಳಲ್ಲಿ ಈ ಶಾಸನವನ್ನು ಓದಿಸಿ ಕೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಬೇಕು ಎಂಬುದು ಅವನ ಆಜ್ಞೆ. ಇದೇ ಪ್ರತ್ಯೇಕ ಶಾಸನಗಳ ಭಾಗಗಳು ನಮ್ಮ ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು. ದೊರೆತದ್ದು ಹೇಗೆಂಬುದು ಸ್ವಾರಸ್ಯಕರವಾಗಿದೆ. ಚಂದ್ರಲಾಂಬಾ ದೇವಾಲಯದ ಆವರಣದಲ್ಲಿನ ಕಾಳಿಯ ಗುಡಿಯ ಮಾಡು ಕುಸಿದು ವಿಗ್ರಹ ಭಗ್ನವಾಯಿತು. ಅದರ ಅಡಿಯಲ್ಲಿ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವಾಗಿತ್ತು! ವಿಗ್ರಹವನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ರಂಧ್ರ ಕೊರೆದಿದ್ದರು. ಓದಿ ಕೇಳಿಸಬೇಕೆಂದು ಬರೆದ ಕಲ್ಲು ಪೀಠವಾಗಿ ಪೂಜೆಗೊಂಡು ಮೌನವಾಗಿತ್ತು. ಕಟ್ಟಳೆಗಳಿಗೆ ಇಂಥ ಗತಿ ಒದಗುವುದುಂಟು.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಮೆಕಾಲೆಯ ಪ್ರೇರಣೆಯಿಂದ ನೇಮಕಗೊಂಡ ಸಮಿತಿಯು 1838ರಲ್ಲಿ ವರದಿ ಕೊಟ್ಟಂದಿನಿಂದ ಬ್ರಿಟಿಷ್ ಸರ್ಕಾರವು ಸೆರೆಮನೆಯ ಶಿಸ್ತನ್ನು ಕುರಿತು ಮತ್ತೆ ಮತ್ತೆ ಚಿಂತಿಸಿತು. ಆ ಚಿಂತನೆಯ ಫಲವೇ 1894ರ ಬಂದೀಖಾನೆಗಳ ಕಾಯಿದೆ. ಈ ಕಾಯಿದೆಯನ್ನು ಓದುವಾಗ ಅದರ ಅಚ್ಚುಕಟ್ಟು ನನ್ನನ್ನು ಬೆರಗುಗೊಳಿಸಿತು. ಆಮೇಲೆ ಆ ಅಚ್ಚುಕಟ್ಟೇ ಭಯ ಹುಟ್ಟಿಸಿತು. ಛಡಿ ಏಟು ಮೂವತ್ತನ್ನು ಮೀರಬಾರದು. ಬೆತ್ತದ ದಪ್ಪ ಅರ್ಧ ಅಂಗುಲಕ್ಕೆ ಕಡಿಮೆ ಇರಬಾರದು. ಏಟುಗಳನ್ನು ಕಂತಿನಲ್ಲಿ ಕೊಡಬಾರದು. ಸೂಪರಿಂಟೆಂಡೆಂಟರೂ ವೈದ್ಯಾಧಿಕಾರಿಯೋ ಅವರ ಸಹಾಯಕರೋ ಎದುರಿಗೆ ಇರಬೇಕು. ಹದಿನಾರು ತುಂಬದ ಹುಡುಗರಾದರೆ ಇನ್ನೂ ಹಗುರವಾದ ಬೆತ್ತದಿಂದ, ಶಾಲೆಯ ಶಿಸ್ತಿನ ರೀತಿಯಲ್ಲಿ ಹೊಡೆಯಬೇಕು. ಮೇಷ್ಟರಾಗಿ ಬಾಳಿದ ನನಗೆ ಈ ಕೊನೆಯ ಮಾತು ಚುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ರತಿಯೊಂದು ಶಿಕ್ಷೆಯನ್ನೂ ಶಿಕ್ಷಾಪುಸ್ತಕದಲ್ಲಿ ಬರೆದು ಜೈಲರೂ ಸೂಪರಿಂಟೆಂಡೆಂಟರೂ ರುಜು ಹಾಕಬೇಕು. ಮುದುಕ ಹೇಳಿದ 'ಬುಕ್ಕು' ಈ ಪರಂಪರೆಯದು.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಗಮನಿಸದೆ ಮುಂದಿನ ಚರಿತ್ರೆ ಅರ್ಥವಾಗದು. ಈ ಕಾಯಿದೆಯಲ್ಲಿ ಬೇಡಿಗೆ ಎರಡು ದಾರಿಗಳಿವೆ. ಮೊದಲನೆಯದು ಶಿಕ್ಷೆಯ ದಾರಿ. ಇದಕ್ಕೆ ಬಂದಿಯು ಜೈಲಿನ ನಿಯಮವನ್ನು ಮುರಿದಿರಬೇಕು. ಬೇಡಿಯ ವಿವರ ಶಿಕ್ಷಾಪುಸ್ತಕಕ್ಕೆ ಏರಬೇಕು. ಎರಡನೆಯದು ಭದ್ರತೆಯ ದಾರಿ. ಐವತ್ತಾರನೆಯ ಪ್ರಕರಣದ ಪ್ರಕಾರ, ಸೆರೆಮನೆಯ ಸ್ಥಿತಿಯನ್ನೋ ಬಂದಿಗಳ ಸ್ವಭಾವವನ್ನೋ ನೋಡಿ, ಸುರಕ್ಷಿತ ಬಂಧನಕ್ಕಾಗಿ ಬೇಡಿ ಅಗತ್ಯವೆಂದು ಸೂಪರಿಂಟೆಂಡೆಂಟರಿಗೆ ತೋರಿದರೆ ಸಾಕು. ಇಲ್ಲಿ ಬಂದಿಯು ಏನನ್ನೂ ಮಾಡಿರಬೇಕಾಗಿಲ್ಲ. ಏನನ್ನಾದರೂ ಮಾಡಿಯಾನು ಎಂಬ ಶಂಕೆ ಸಾಕು. ಶಿಕ್ಷೆಗೆ ಅವಧಿಯುಂಟು, ಶಂಕೆಗೆ ಅವಧಿಯಿಲ್ಲ. ದಂಡನೆಯ ಹೆಸರಿನಲ್ಲಿ ಮಾಡಲಾಗದ್ದನ್ನು ರಕ್ಷಣೆಯ ಹೆಸರಿನಲ್ಲಿ ಮಾಡಬಹುದಾದ ಬಾಗಿಲು ಇದು.

ಆ ಬಾಗಿಲಿನಿಂದ ಏನೇನು ನುಗ್ಗಿತೆಂಬುದಕ್ಕೆ ಅಂಡಮಾನಿನ ಸೆಲ್ಯುಲರ್ ಜೈಲು ಸಾಕ್ಷಿ. 1896ರಿಂದ 1906ರವರೆಗೆ ಕಟ್ಟಿದ ಆ ಕಟ್ಟಡದಲ್ಲಿ ಬಂದಿಗಳನ್ನೇ ಮೇಲ್ವಿಚಾರಕರನ್ನಾಗಿ ಮಾಡಿ, ಅವರ ಕೈಗೆ ಕೋಲು ಕೊಟ್ಟು, ಉಳಿದವರನ್ನು ಗಾಣಕ್ಕೆ ಹೂಡುತ್ತಿದ್ದರು. ತುಳಿಸಿಕೊಂಡವನ ಕೈಯಿಂದಲೇ ತುಳಿಸುವ ಉಪಾಯ ಇದು. ಬಲಪ್ರಯೋಗವೆಂದರೆ ಕೋಲೊಂದೇ ಅಲ್ಲ. 1929ರಲ್ಲಿ ಲಾಹೋರಿನ ಜೈಲಿನಲ್ಲಿ ಜತೀಂದ್ರನಾಥ ದಾಸರು ಉಪವಾಸ ಹೂಡಿದಾಗ ಕೈಕಾಲು ಅದುಮಿ ಹಿಡಿದು ಮೂಗಿನ ಮೂಲಕ ಹಾಲು ಇಳಿಸಲು ಯತ್ನಿಸಿದರು. 63ನೆಯ ದಿನ, ಸೆಪ್ಟೆಂಬರ್ 13ರಂದು, ಅವರು ತೀರಿಕೊಂಡರು. 1933ರಲ್ಲಿ ಅಂಡಮಾನಿನ ಉಪವಾಸದಲ್ಲಿಯೂ ಹೀಗೆಯೇ ಆಯಿತು. ಮಹಾವೀರ ಸಿಂಗರು ಬಲವಂತದಿಂದ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿದು ಪ್ರಾಣ ಬಿಟ್ಟರು. ಇನ್ನಿಬ್ಬರು ಅವರನ್ನು ಹಿಂಬಾಲಿಸಿದರು. ಇಲ್ಲಿ ಬಲವನ್ನು ಪ್ರಯೋಗಿಸಿದ್ದು ಜೀವ ಉಳಿಸುವ ಹೆಸರಿನಲ್ಲಿ! ಬಂಗಾಳದ ಹಿಜ್ಲಿಯಲ್ಲಿ 1931ರ ಸೆಪ್ಟೆಂಬರ್ 16ರ ರಾತ್ರಿ, ವಿಚಾರಣೆಯೇ ಇಲ್ಲದೆ ಬಂಧಿತರಾಗಿದ್ದವರ ಮೇಲೆ ಕಾವಲುಪಡೆ ಗುಂಡು ಹಾರಿಸಿ ಇಬ್ಬರನ್ನು ಕೊಂದಿತು. ರವೀಂದ್ರನಾಥ ಠಾಕೂರರು ಅನಾರೋಗ್ಯವನ್ನೂ ಲೆಕ್ಕಿಸದೆ ಕಲ್ಕತ್ತೆಯ ಪ್ರತಿಭಟನಾ ಸಭೆಗೆ ಬಂದು ಮಾತನಾಡಿದರು. 1951ರಲ್ಲಿ ಖರಗಪುರದ ಐ.ಐ.ಟಿ. ಆರಂಭವಾದದ್ದು ಆ ಬಂಧನಶಿಬಿರದ ಕಟ್ಟಡದಲ್ಲಿಯೇ.

ಪರಕೀಯರ ಆಳ್ವಿಕೆ ಹೋಯಿತು, ಇನ್ನು ಈ ಕಥೆ ಮುಗಿಯಿತೆಂದು ನಾವು ಭಾವಿಸಬಹುದು. ಭಾರತದ ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅಲ್ಲಿಂದ ಹದಿನಾರನೆಯ ದಿನ, ಫೆಬ್ರವರಿ 11ರಂದು, ಸೇಲಂ ಜೈಲಿನಲ್ಲಿ ನಡೆದ ಗುಂಡಿನ ದಾಳಿಗೆ 22 ಮಂದಿ ಕಮ್ಯುನಿಸ್ಟ್ ಬಂದಿಗಳು ಬಲಿಯಾದರು. ಧ್ವಜ ಬದಲಾಗಿತ್ತು, ಪುಸ್ತಕ ಬದಲಾಗಿರಲಿಲ್ಲ. ನಮ್ಮ ರಾಜ್ಯವು 1963ರಲ್ಲಿ ತನ್ನದೇ ಕಾರಾಗೃಹ ಅಧಿನಿಯಮವನ್ನು ಮಾಡಿಕೊಂಡಿತು. ದೇಶದ ಬಹುಭಾಗದಲ್ಲಿ 1894ರದೇ ನಡೆಯಿತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಮ್ಮ ಮನಸ್ಸಿನಲ್ಲಿ ನಿಂತ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಉಬ್ಬಸದಿಂದ ನರಳುತ್ತಿದ್ದ ಅವರನ್ನು 1977ರ ಜನವರಿಯಲ್ಲಿ ಹೊರಬಿಟ್ಟರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂದಿತು. ಜೈಲರನ ಬುಕ್ಕಿಗೆ ಬಂದಿಯ ಬುಕ್ಕು ಕೊಟ್ಟ ಉತ್ತರ ಅದು.

ಚರಿತ್ರೆ ತಿರುವು ಪಡೆದದ್ದು ದೆಹಲಿಯ ತಿಹಾರ್ ಜೈಲಿನಲ್ಲಿ. ಮರಣದಂಡನೆಗೆ ಗುರಿಯಾಗಿದ್ದ ಸುನೀಲ್ ಬಾತ್ರಾ ಎಂಬ ಬಂದಿಯು ತನ್ನನ್ನು ಏಕಾಂತ ಕೋಣೆಯಲ್ಲಿಟ್ಟಿದ್ದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ. ವಿದೇಶಿ ಬಂದಿ ಚಾರ್ಲ್ಸ್ ಶೋಭರಾಜ್ 1976ರಿಂದ ತನ್ನ ಕಾಲಿಗೆ ಬಿಗಿದಿದ್ದ ಸರಳುಬೇಡಿಯನ್ನು ಪ್ರಶ್ನಿಸಿದ. 1978ರ ಆಗಸ್ಟ್ 30ರ ತೀರ್ಪಿನಲ್ಲಿ ನ್ಯಾಯಾಲಯವು ಐವತ್ತಾರನೆಯ ಪ್ರಕರಣವನ್ನು ಅಳಿಸಿಹಾಕಲಿಲ್ಲ. ಆದರೆ ಅದರ ಬಾಗಿಲಿಗೆ ಅಗುಳಿ ಹಾಕಿತು: ಅಧಿಕಾರಿಗೆ ತೋರಿದ ಮಾತ್ರಕ್ಕೆ ಸಾಲದು, ಕಾರಣವಿರಬೇಕು, ಅದನ್ನು ಬರೆದಿಡಬೇಕು, ಕೊನೆಯಿಲ್ಲದೆ ಬೇಡಿ ಬಿಗಿದಿಡಬಾರದು. ಸೆರೆಮನೆಯ ಗೋಡೆಯೊಳಗೂ ಸಂವಿಧಾನ ನಡೆಯುತ್ತದೆಂಬುದು ಆ ತೀರ್ಪಿನ ಸಾರ. ಮರುವರ್ಷ ಅದೇ ಬಾತ್ರಾ ನ್ಯಾಯಾಧೀಶರಿಗೆ ಒಂದು ಪತ್ರ ಬರೆದ. ಈ ಸಲ ತನಗಾಗಿ ಅಲ್ಲ. ಹಣಕ್ಕಾಗಿ ವಾರ್ಡರನೊಬ್ಬನು ಇನ್ನೊಬ್ಬ ಬಂದಿಯನ್ನು ಬರ್ಬರವಾಗಿ ಹಿಂಸಿಸಿದ್ದನ್ನು ತಿಳಿಸುವುದಕ್ಕಾಗಿ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಪೀಠವು ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿತು. ಸೆರೆಮನೆಗಳಲ್ಲಿ ದೂರಿನ ಪೆಟ್ಟಿಗೆಗಳಿರಬೇಕು, ಹೊರಗಿನ ನ್ಯಾಯಾಧಿಕಾರಿಗಳು ಬಂದು ಅವನ್ನು ತೆರೆಯಬೇಕು ಎಂದು ಆಜ್ಞಾಪಿಸಿತು. ಗಲ್ಲಿನ ನೆರಳಿನಲ್ಲಿದ್ದವನು ನೆರೆಯವನ ನೋವಿಗೆ ಲೇಖನಿ ಹಿಡಿದದ್ದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಬಾಗುತ್ತದೆ.

ಆಮೇಲೆ ಕಟ್ಟಳೆಗಳು ಬೆಳೆದವು. 1980ರಲ್ಲಿ ನ್ಯಾಯಾಲಯವು ಕೈಕೋಳವನ್ನು ವಾಡಿಕೆಯಾಗಿ ತೊಡಿಸಬಾರದೆಂದಿತು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳು ಸಂಕೋಲೆಗಳನ್ನು ನಿಷೇಧಿಸಿ, ಆತ್ಮರಕ್ಷಣೆ, ತಪ್ಪಿಸಿಕೊಳ್ಳುವ ಯತ್ನ, ನ್ಯಾಯಬದ್ಧ ಆಜ್ಞೆಗೆ ಪ್ರತಿರೋಧ ಇವುಗಳ ಹೊರತು ಸಿಬ್ಬಂದಿ ಬಲ ಬಳಸಕೂಡದೆಂದೂ, ಬಳಸಿದರೆ ಒಡನೆಯೇ ವರದಿ ಮಾಡಬೇಕೆಂದೂ ಹೇಳಿದವು. ನಮ್ಮ ಕೇಂದ್ರ ಸರ್ಕಾರ 2023ರಲ್ಲಿ ಹೊಸದೊಂದು ಮಾದರಿ ಕಾರಾಗೃಹ ಕಾಯಿದೆಯನ್ನು ರಾಜ್ಯಗಳ ಮುಂದಿಟ್ಟಿತು. ಇತ್ತ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು ಕೆಲವು ಬಗೆಯ ಆರೋಪಿಗಳಿಗೆ ಕೈಕೋಳ ತೊಡಿಸಲು ಪೊಲೀಸರಿಗೆ ಮತ್ತೆ ಸ್ಪಷ್ಟ ಅನುಮತಿ ಕೊಟ್ಟಿದೆ. ಚರಿತ್ರೆ ಒಂದೇ ದಿಕ್ಕಿಗೆ ಹರಿಯುವ ಹೊಳೆಯಲ್ಲ.

ಕಾವಲುಗಾರನ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅಂದು ನನ್ನನ್ನು ಬಾಗಿಲವರೆಗೆ ಬಿಡಲು ಬಂದ ಎಳೆಯ ವಾರ್ಡರ್ ತಾನಾಗಿಯೇ ಹೇಳಿದ: "ಸಾರ್, ರಾತ್ರಿ ಪಾಳೀಲಿ ಒಳಗೆ ನೂರು ಜನ, ಹೊರಗೆ ನಾನೊಬ್ಬ, ಈ ಲಾಠಿ ಒಂದು. ಹೆದರಿಕೆ ನಮಗೂ ಆಗ್ತದೆ." ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಕೋಲು ಮೇಲೇಳುವುದು ಎಷ್ಟೋ ವೇಳೆ ಕ್ರೌರ್ಯದಿಂದಲ್ಲ, ಭಯದಿಂದ. ಅಶೋಕ ತನ್ನ ಪಟ್ಟಿಯಲ್ಲಿ ಆತುರವನ್ನೂ ದಣಿವನ್ನೂ ಏಕೆ ಸೇರಿಸಿದನೆಂಬುದು ನನಗೆ ಹೊಳೆದದ್ದು, ಬಹಳ ವರ್ಷಗಳ ಮೇಲೆ, ಆ ಹುಡುಗನ ಮುಖ ನೆನಪಾದಾಗ. ದಣಿದವನ ಕೈಗೆ ಕೋಲು ಕೊಟ್ಟು ಒಂಟಿಯಾಗಿ ನಿಲ್ಲಿಸಿದವರ ಹೊಣೆಯನ್ನು ಯಾವ ಶಿಕ್ಷಾಪುಸ್ತಕವೂ ಬರೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಅಂದು ಕಾರ್ಯಕ್ರಮವಾದ ಬಳಿಕ ಕಚೇರಿಯಲ್ಲಿ ನಮಗೆ ಕಾಫಿ ಕೊಟ್ಟು, ಹಾರ ಹಾಕಿ ಸತ್ಕರಿಸಿದರು. ಮೇಜಿನ ಮೇಲೆ ದಪ್ಪ ದಪ್ಪ ಪುಸ್ತಕಗಳಿದ್ದವು. ಮುದುಕನ ಮಾತು ಆಗ ನನ್ನ ಕಿವಿಯಲ್ಲಿ ಬಿಸಿಯಾಗಿಯೇ ಇತ್ತು. ಅವನ ಬೇಡಿಯ ಕಾರಣ ಏನೆಂದು ಬರೆದಿದೆ ಎಂದು ಒಂದು ಮಾತು ಕೇಳಬಹುದಿತ್ತು. ತೋರಿಸುತ್ತಿದ್ದರೋ ಇಲ್ಲವೋ, ಕೇಳಬಹುದಿತ್ತು. ನಾನು ಕೇಳಲಿಲ್ಲ. ಹೊರಡುವಾಗ ಸಂದರ್ಶಕರ ಪುಸ್ತಕವನ್ನು ಮುಂದಿಟ್ಟರು. ನನ್ನ ಅಕ್ಷರ ದುಂಡಗೆಂದು ಹೆಸರಾದದ್ದು. ಸೆರೆಮನೆಯ ಶಿಸ್ತನ್ನೂ ಅಚ್ಚುಕಟ್ಟನ್ನೂ ಕಂಡು ಸಂತೋಷವಾಯಿತೆಂದು ಬರೆದು, ಕೆಳಗೆ ರುಜು ಹಾಕಿ ಬಂದೆ.