ಕಂಬೈಂಡ್ ಸ್ಟಡಿ ಬೇಕು, ಗ್ರೂಪ್ ಪ್ರಾಜೆಕ್ಟ್ ಬೇಡ

ತುಮಕೂರಿನ ಬಟವಾಡಿ ಆಸುಪಾಸಿನಲ್ಲಿ ವಿದ್ಯಾರ್ಥಿಗಳಿಗೆ ಬರವಿಲ್ಲ. 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇಲ್ಲೇ ಬಿ.ಎಚ್. ರಸ್ತೆಯಲ್ಲಿದೆ. ಇಲ್ಲಿರಲಿ, ರಾಜ್ಯದ ಬೇರೆ ಊರುಗಳಲ್ಲಿರಲಿ, ಎಂಜಿನಿಯರಿಂಗ್ ಹುಡುಗರ ಬಾಯಲ್ಲಿ ಗುಂಪು ಕಲಿಕೆಯ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಕಂಬೈಂಡ್ ಸ್ಟಡಿ ಎಂದರೆ ಹುರುಪು, ಗ್ರೂಪ್ ಪ್ರಾಜೆಕ್ಟ್ ಎಂದರೆ ಗೊಣಗಾಟ.

ಮೊದಲನೆಯದಕ್ಕೆ ಕಾರಣ ಪ್ರಶ್ನೆಪತ್ರಿಕೆಯಲ್ಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯ ಐದು ಮಾಡ್ಯೂಲ್‌ಗಳದ್ದು; ಪ್ರತಿಯೊಂದರಿಂದಲೂ ಒಂದು ಪೂರ್ಣ ಪ್ರಶ್ನೆಗೆ ಉತ್ತರ ಬರೆಯಬೇಕು. ಆದ್ದರಿಂದ ಗೆಳೆಯರು ಮಾಡ್ಯೂಲ್ ಹಂಚಿಕೊಳ್ಳುತ್ತಾರೆ. ಒಬ್ಬ ಓದಿಕೊಂಡು ಬಂದು ಉಳಿದವರಿಗೆ ಹೇಳಿಕೊಡುತ್ತಾನೆ. ಹೇಳುವಾಗ ತಡವರಿಸಿದ ಕಡೆಯೇ ತನಗೆ ಅರ್ಥವಾಗದ್ದು ಎಲ್ಲಿ ಎಂಬುದು ಅವನಿಗೆ ಗೊತ್ತಾಗುತ್ತದೆ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದ 'ಜಿಗ್ಸಾ' ವಿಧಾನವೂ ಹೆಚ್ಚುಕಡಿಮೆ ಇದೇ. ನಮ್ಮ ಹುಡುಗರು ಯಾರ ಪುಸ್ತಕವನ್ನೂ ಓದದೆ ಅಲ್ಲಿಗೆ ತಲುಪಿದ್ದಾರೆ!

ಪ್ರಾಜೆಕ್ಟ್ ವಿಷಯ ಬೇರೆ. 'ಮಾಡೋದು ಒಬ್ಬ, ಹೆಸರು ನಾಲ್ವರದು' ಎಂಬ ದೂರು ಹಳೆಯದು. ಫ್ರೆಂಚ್ ಎಂಜಿನಿಯರ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗಗಳಲ್ಲಿ, ಜನ ಹೆಚ್ಚಿದಷ್ಟೂ ತಲಾ ಎಳೆತ ಕಡಿಮೆಯಾಗಿತ್ತು. ಹಾಗಾಗಿ ಪ್ರಾಜೆಕ್ಟಿನ ಈ ಸಮಸ್ಯೆಯನ್ನು ಇಂದಿನ ಹುಡುಗರ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಅತ್ತ ತಂಡದಲ್ಲಿ ದುಡಿಯುವ ಸಾಮರ್ಥ್ಯ ಪದವೀಧರರಿಗೆ ಇರಲೇಬೇಕೆಂದು ರಾಷ್ಟ್ರೀಯ ಮಾನ್ಯತಾ ಮಂಡಳಿ ಹೇಳುತ್ತದೆ. ಒಬ್ಬೊಬ್ಬರ ಪಾಲನ್ನು ಅಳೆಯದೆ ಎಲ್ಲರಿಗೂ ಒಂದೇ ಅಂಕ ಕೊಟ್ಟರೆ ಆ ಸಾಮರ್ಥ್ಯ ಎಲ್ಲಿಂದ ಬಂದೀತು?

ಹಾಗೆಂದು ವಿದ್ಯಾರ್ಥಿಗಳ ಅಭಿಪ್ರಾಯವೇ ಕಡೆಯ ಮಾತಲ್ಲ. 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳ ಅಧ್ಯಯನದಲ್ಲಿ, ಸಣ್ಣ ಗುಂಪುಗಳಲ್ಲಿ ಲೆಕ್ಕ ಬಿಡಿಸಿದವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು; ಆದರೆ 'ಹೆಚ್ಚು ಕಲಿತೆವು' ಅನ್ನಿಸಿದ್ದು ಸರಾಗ ಉಪನ್ಯಾಸ ಕೇಳಿದವರಿಗೆ. ಗುಂಪಿನಲ್ಲಿ ತಿಣುಕಾಡಿದ್ದನ್ನು ಮನಸ್ಸು ಕಲಿಕೆಯೆಂದು ಎಣಿಸಲಿಲ್ಲ. ಗುಂಪು ಕಲಿಕೆಯ ಬಗ್ಗೆ ಪ್ರಶ್ನಾವಳಿ ಹಂಚಿ ಶೇಕಡಾವಾರು ಲೆಕ್ಕ ಹಾಕುವ ನಮ್ಮ ಸಂಶೋಧಕರು ಇದನ್ನು ಗಮನಿಸಬೇಕು. 'ಪ್ರಯೋಜನವಾಯಿತೇ' ಎಂದಷ್ಟೇ ಕೇಳಿದರೆ ಸಿಗುವುದು ಅನಿಸಿಕೆ ಮಾತ್ರ.

ಪ್ರಾಜೆಕ್ಟಿನ ಅಂಕದ ತೊಡಕಿಗೆ ಉತ್ತರ ಹುಡುಕಲು ಹಾರ್ವರ್ಡ್‌ವರೆಗೂ ಹೋಗಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಪ್ರಾಥಮಿಕ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಗುಂಪಿನಲ್ಲಿ ಕೂರುತ್ತಾರೆ. ಕೆಲವರಿಗೆ ಮೇಷ್ಟ್ರ ನೆರವು, ಕೆಲವರಿಗೆ ಜೊತೆಯವರ ನೆರವು. ಕಲಿಯುವುದು ಗುಂಪಿನಲ್ಲಾದರೂ ಕಲಿಕಾ ಏಣಿಯ ಮೆಟ್ಟಿಲನ್ನು ಪ್ರತಿ ಮಗುವೂ ತನ್ನದೇ ವೇಗದಲ್ಲಿ ಹತ್ತುತ್ತದೆ, ಪ್ರಗತಿಯ ದಾಖಲೆಯೂ ಮಗುವಿಗೊಂದರಂತೆ. ಎಂಜಿನಿಯರಿಂಗ್ ಪ್ರಾಜೆಕ್ಟಿನ ಅಂಕಪಟ್ಟಿ ಒಂದನೇ ತರಗತಿಯಿಂದ ಕಲಿಯಬೇಕಾದದ್ದು ಇಷ್ಟನ್ನೇ.